ಅಕ್ಕನ ಮನೆಮುಂದಿನ ಕಂಬ

ಟೆಲಿಫೋನ್ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ಲೈನ್ ಪರೀಕ್ಷಕರಿಗೆ ನಾವಿಟ್ಟ ಹೆಸರು ‘ಅಲೆಯಪ್ಪ’. ಯಾರು ಬಾಯಿ ತೆರೆದರೂ ಇವರ ಬೆರಳು ಗಾಳಿಯಲ್ಲಿ ಆ ದನಿಯ ಅಲೆ ಬರೆಯುತ್ತದೆ. ಸಾಹೇಬರು ಗದರಿದರೆ, “ಅಲೆಯ ಎತ್ತರ ಜಾಸ್ತಿ ಆಯ್ತು ಸಾರ್, ಸ್ವಲ್ಪ ತಗ್ಗಿಸಿ” ಎನ್ನುತ್ತಾರೆ. ಮೊಮ್ಮಗಳು ಕಿರುಚಿದರೆ, “ಅಲೆಗಳು ಒತ್ತೊತ್ತಾಗಿ ಬರ್ತಿವೆ, ಅದಕ್ಕೇ ದನಿ ಇಷ್ಟು ಕೀರಲು” ಎಂದು ಪಾಠ ಮಾಡುತ್ತಾರೆ. ದೂರ ಹೋದಂತೆಲ್ಲ ಅಲೆ ಸೊರಗುತ್ತದೆ, ತಂತಿ ಸರಿಮಾಡಿದರೆ ಚೇತರಿಸಿಕೊಳ್ಳುತ್ತದೆ, ಲೋಕದ ತಾಪತ್ರಯವೆಲ್ಲ ಇಷ್ಟೇ ಎಂಬುದು ಅವರ ಸಿದ್ಧಾಂತವಾಗಿತ್ತು. ಊರಿನ ಇನ್ನೊಂದು ತುದಿಯಲ್ಲಿದ್ದ ಅವರ ಅಕ್ಕ ಒಮ್ಮೆ ಫೋನಿನಲ್ಲಿ ಸಣ್ಣ ದನಿಯಲ್ಲಿ, “ಒಂದ್ಸಲ ಬಂದು ಹೋಗೋ ತಮ್ಮಾ” ಎಂದಾಗಲೂ, “ಲೈನ್ ವೀಕಾಗಿದೆ ಅಕ್ಕಾ, ನಾಳೆನೇ ಸರಿಮಾಡ್ತೀನಿ” ಎಂದಿದ್ದರು. ಮಾತಿಗೆ ತಪ್ಪಲಿಲ್ಲ. ಮರುದಿನ ಆಕೆಯ ಮನೆಮುಂದಿನ ಕಂಬ ಹತ್ತಿ, ಹೊಸ ತಂತಿ ಎಳೆದು, ಬೇರೆ ಕೆಲಸವಿದೆಯೆಂದು ಒಳಗೆ ಹೋಗದೆ ಹಾಗೇ ಬಂದರು. ಆ ವಾರವೇ ಅಕ್ಕ ತೀರಿಕೊಂಡರು. “ಕಂಬದ ಮೇಲಿಂದ ಅವಳ ಕಿಟಕಿ ಕಾಣ್ತಿತ್ತು ಕಣ್ರೀ” ಎಂದು ಒಮ್ಮೆ ಮಾತ್ರ ನನ್ನೊಡನೆ ಹೇಳಿದ್ದಾರೆ. ಈಗ ಲೈನಿನಲ್ಲಿ ಯಾರದೇ ದನಿ ಸಣ್ಣಗೆ ಕೇಳಿಸಿದರೂ ಅವರು ಲೈನಿನ ಬಲ ಅಳೆಯುವ ಮೀಟರಿನ ಕಡೆ ನೋಡುವುದಿಲ್ಲ. “ನೀವು ಹುಷಾರಾಗಿದ್ದೀರಿ ತಾನೇ?” ಎಂದು ಕೇಳುತ್ತಾರೆ, ಉತ್ತರ ಬರುವವರೆಗೂ ಆ ಬೆರಳು ಅಲ್ಲಾಡುವುದಿಲ್ಲ.