ಕರ್ರಗಾದ ಪರದೆಯಲ್ಲಿ ನಾನು ಕಂಡದ್ದು

ಶೈಲಾ, ಆ ದಿನ ಟಿವಿಯಲ್ಲಿ ನಿನ್ನ ಹೆತ್ತವ್ವನ ಫೋಟೋ ಬಂದದ್ದು ಆಕಸ್ಮಿಕವಲ್ಲ. ನಾನು ಬೇಕೆಂದೇ ತೋರಿಸಿದೆ. ಏನು ಬರುತ್ತದೆ, ಯಾರು ನೋಡುತ್ತಾರೆ — ಎರಡೂ ಗೊತ್ತಿದ್ದೇ ನಿನ್ನ ಲ್ಯಾಪ್‌ಟಾಪಿನಿಂದ ಟಿವಿಗೆ ಕೇಬಲ್ ಹಚ್ಚಿದೆ.

ಇಷ್ಟು ವರ್ಷ ನೀನು ಬೇರೆಯೇ ತಿಳಿದಿದ್ದೀ. ಪಾಪ, ಚಿಗವ್ವ ಲ್ಯಾಪ್‌ಟಾಪ್ ಸರಿಮಾಡಲು ಹೋಗಿ ಗೊತ್ತಿಲ್ಲದೆ... ಇಲ್ಲ. ಬೆಂಗೇರಿಯ ಕಂಪ್ಯೂಟರ್ ಕ್ಲಾಸಿನಲ್ಲಿ ನಾಲ್ಕು ಮಂದಿಗೆ ಕಲಿಸುವವಳು ನಾನು. ಅಷ್ಟೂ ಗೊತ್ತಿಲ್ಲದ ಹೆಡ್ಡಿಯಲ್ಲ.

ಅಂದು ಭಾನುವಾರ. ನೀನು ಲ್ಯಾಪ್‌ಟಾಪನ್ನು ಎದೆಗೆ ಅವಚಿಕೊಂಡು ಅಡುಗೆಮನೆಗೆ ಬಂದೆ. “ಚಿಗವ್ವಾ, ಸ್ಕ್ರೀನ್ ಕರ್ರಗಾಗೇತ್ರಿ. ಪ್ರಾಜೆಕ್ಟ್ ಪೂರಾ ಇದರಾಗ ಐತಿ. ಅಂಗಡಿಗೆ ಮಾತ್ರ ಕೊಡಬ್ಯಾಡ್ರಿ, ನೀವೇ ನೋಡ್ರಿ,” ಅಂದೆ. ಪಾಸ್‌ವರ್ಡನ್ನೂ ಹೇಳಿ ತಲೆಗೆ ಎರೆದುಕೊಳ್ಳಲು ಹೋದೆ. ಪರದೆಯೇ ಹೋದ ಮೇಲೆ ಏನು ಕಂಡೀತು ಅಂದುಕೊಂಡೆಯೋ, ಚಿಗವ್ವನಿಗೆ ಕಂಡರೂ ಚಿಂತೆಯಿಲ್ಲ ಅಂದುಕೊಂಡೆಯೋ — ಕೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ.

ಒಳಕೋಣೆಯಲ್ಲಿ ಕೂತು ನೋಡಿದೆ. ಫ್ಯಾನ್ ತಿರುಗುತ್ತಿತ್ತು, ಕೀಬೋರ್ಡಿನ ದೀಪ ಹತ್ತುತ್ತಿತ್ತು, ಪರದೆ ಮಾತ್ರ ಕಪ್ಪು. ಬೆಳಕು ಹೆಚ್ಚಿಸುವ ಕೀ ಒತ್ತಿದೆ. ಆರಿಸಿ ಮತ್ತೆ ಹಚ್ಚಿದೆ, ಕಾಣದೆಯೇ ಪಾಸ್‌ವರ್ಡ್ ಹೊಡೆದೆ. ಏನೂ ಆಗದಿದ್ದಾಗ ಕ್ಲಾಸಿನಲ್ಲಿ ಹೇಳಿಕೊಡುವ ಉಪಾಯವನ್ನೇ ಮಾಡಿದೆ — ಕಿಟಕಿ ಮುಚ್ಚಿ, ಮೊಬೈಲಿನ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದೆ. ಪರದೆಯ ಹಿಂದಿನ ಬೆಳಕಷ್ಟೇ ಹೋಗಿದ್ದರೆ ಚಿತ್ರ ಮಸುಕಾಗಿ ಕಾಣುತ್ತದೆ.

ಕಂಡಿತು. ನೀನು ಪರದೆಯ ತುಂಬ ಹಾಕಿಕೊಂಡ ಫೋಟೋ: ಯಾವುದೋ ಮನೆಯ ಕಟ್ಟೆಯ ಮೇಲೆ ನೀನು ಮತ್ತು ನಿನ್ನದೇ ಮುಖದ ಅಚ್ಚಿನ ನಿನ್ನ ಹೆತ್ತವ್ವ. ಅಮ್ಮಿನಬಾವಿಯೇ ಇರಬೇಕು, ಆಕೆಯ ತವರು. ನೀನು ಉಟ್ಟದ್ದು ಆ ವರ್ಷ ಪಂಚಮಿಗೆ ನಾನು ತಂದುಕೊಟ್ಟ ಇಳಕಲ್ ಸೀರೆ. ನವನಗರದ ಗೆಳತಿಯ ಮನೆಗೆ ಎಂದು ಹೇಳಿ ಉಟ್ಟುಕೊಂಡು ಹೋಗಿದ್ದೆ. ಆ ಸೆರಗನ್ನು ಆಕೆ ನಿನ್ನ ಹೆಗಲ ಮೇಲೆ ಸರಿಮಾಡುತ್ತಿದ್ದಾಳೆ, ನೀನು ನಗುತ್ತಿದ್ದೀ. ಜ್ವರ ಬಂದಾಗ ಹಾಸಿಗೆಯ ಪಕ್ಕ ಕೂತವಳು ನಾನು, ಸಾಲಿಗೆ ಹೋಗುವಾಗ ಜಡೆ ಹಾಕಿದವಳು ನಾನು — ನಾವಿಬ್ಬರೂ ಹಾಗೆ ನಗುತ್ತಾ ಕೂತ ಒಂದು ಫೋಟೋ ಇರಲಿಲ್ಲ.

ಆಕೆಯ ಹೆಸರನ್ನು ಮನೆಯಲ್ಲಿ ಎತ್ತಕೂಡದೆಂದು ನಿಮ್ಮಪ್ಪ ತಾಕೀತು ಮಾಡಿದ್ದರು. ಆಕೆ ಈ ಮನೆ ಬಿಟ್ಟದ್ದು ನಾನು ಎರಡನೆಯ ಹೆಂಡತಿಯಾಗಿ ಬರುವುದಕ್ಕಿಂತ ಮೊದಲಿನ ಮಾತು. ತಪ್ಪು ಯಾರದೋ, ನಾನು ಕೇಳಿಯೂ ಇಲ್ಲ. ನೀನು ಕದ್ದು ಹೋಗಿ ಬರುತ್ತೀ ಎಂದು ತಿಳಿದರೆ ಅವರು ಬಿಡುವುದಿಲ್ಲ ಎಂಬುದಷ್ಟೇ ನನಗೆ ಗೊತ್ತಿತ್ತು. ನನ್ನ ಹಳೆಯ ಮಾನಿಟರ್ ಅದೇ ಕೋಣೆಯ ಮೇಜಿನ ಮೇಲಿತ್ತು. ಅದಕ್ಕೆ ಜೋಡಿಸಿ ನಿನ್ನ ಪ್ರಾಜೆಕ್ಟ್ ತೆಗೆದುಕೊಟ್ಟಿದ್ದರೆ ಮುಗಿಯುತ್ತಿತ್ತು. ನಾನು ಲ್ಯಾಪ್‌ಟಾಪ್ ಎತ್ತಿಕೊಂಡು ಪಡಸಾಲೆಗೆ ಹೋದೆ. ನಿಮ್ಮಪ್ಪ ದುಡಿಯುವ ಹತ್ತಿ ಪೇಟೆಗೆ ರಜೆ, ಅವರು ಟಿವಿ ಮುಂದೆ ಕೂತಿದ್ದರು. “ಶೈಲಾನ ಸ್ಕ್ರೀನ್ ಹೋಗೇತ್ರಿ, ಚೂರು ಟಿವಿಗೆ ಹಚ್ಚಿ ನೋಡ್ತೇನಿ,” ಅಂದೆ.

ಟಿವಿಯ ತುಂಬ ನೀವಿಬ್ಬರೂ ಬಂದಿರಿ.

“ಅಯ್ಯ, ನನಗೇನ್ ಗೊತ್ತಿತ್ರಿ ಇದರಾಗ ಇದು ಐತಂತ.” ಆ ಮಾತು ಅಷ್ಟು ಸಲೀಸಾಗಿ ನನ್ನ ಬಾಯಿಂದ ಹೇಗೆ ಬಂತು — ಮೊದಲೇ ಸಿದ್ಧಮಾಡಿಕೊಂಡಿದ್ದೆನೇನೋ.

ನಿಮ್ಮಪ್ಪ ನಿನ್ನನ್ನು ಕರೆದಾಗ ನಿನ್ನ ಕೂದಲಿನಿಂದ ಇನ್ನೂ ನೀರು ಇಳಿಯುತ್ತಿತ್ತು. ಅವರು ಬೈಯಲಿಲ್ಲ, ಹೊಡೆಯಲಿಲ್ಲ. “ನನ್ನ ತಲಿ ಮ್ಯಾಲ ಕೈ ಇಟ್ಟು ಆಣಿ ಮಾಡು, ಇನ್ನ ಆಕಿ ಮಾರಿ ನೋಡಂಗಿಲ್ಲಂತ,” ಅಂದರು. ಕೈ ಇಟ್ಟು ನೀನು ಆಣೆ ಮಾಡಿದೆ. ಆಮೇಲೆ ಅಡುಗೆಮನೆಗೆ ಬಂದು ನನಗೇ ಸಮಾಧಾನ ಹೇಳಿದೆ: “ನೀವ್ಯಾಕ ಅಳ್ತೀರಿ ಚಿಗವ್ವಾ. ನಿಮಗ ಹೆಂಗ ಗೊತ್ತಾಗಬೇಕ್ರಿ.” ನಾನು ಅಳುತ್ತಿದ್ದದ್ದು ಖರೆ. ಅಂದುಕೊಂಡದ್ದು ಆದ ಮೇಲೂ ಯಾಕೆ ಅಳುತ್ತಿದ್ದೆ...

ನಿನ್ನ ಹೆತ್ತವ್ವ ಹಾಸಿಗೆ ಹಿಡಿದಿದ್ದಾಳೆ, ಬೇನೆ ಹೆಚ್ಚಾಗಿದೆ ಎಂದು ಸುದ್ದಿ ಬಂದಾಗಲೂ ನೀನು ಹೋಗಲಿಲ್ಲ. ಆಣೆ ಮುರಿದರೆ ಅಪ್ಪನಿಗೆ ಏನಾದರೂ ಆದೀತೆಂಬ ಹೆದರಿಕೆ. “ಏನ್ ಮಾಡ್ಲಿ ಹೇಳ್ರಿ, ಚಿಗವ್ವಾ,” ಎಂದು ನನ್ನನ್ನೇ ಕೇಳಿದೆ. ಆಗಲಾದರೂ — ಆ ಆಣೆ ನನ್ನ ಕಪಟದಿಂದ ಹುಟ್ಟಿದ್ದು, ಅದಕ್ಕೆ ಕಿಮ್ಮತ್ತಿಲ್ಲ, ಹೋಗಿ ನೋಡಿ ಬಾ — ಎನ್ನಬಹುದಿತ್ತು. “ನಿಮ್ಮಪ್ಪನ ಮನಸು ನೋಯಿಸಬ್ಯಾಡವ್ವ,” ಅಂದೆ. ಆಕೆಯನ್ನು ಮಣ್ಣು ಮಾಡಿದ ದಿನ ನೀನು ಹಿತ್ತಲ ಕಲ್ಲಿನ ಮೇಲೆ ಅರಿವೆ ಒಗೆಯುತ್ತಾ ಕೂತಿದ್ದೆ. ಒಗೆದದ್ದನ್ನೇ ಮತ್ತೆ ಮತ್ತೆ ಒಗೆದೆ. ಹೆತ್ತವಳ ಮಣ್ಣಿಗೂ ನೀನು ಹೋಗಲಾಗದ ಹಾಗೆ ಮಾಡಿದವಳು ನಾನು.

ಅದಾದ ಕೆಲವು ತಿಂಗಳಿಗೆ ನೀನು ಚಿಗವ್ವ ಎನ್ನುವುದನ್ನು ಬಿಟ್ಟು ನನ್ನನ್ನು ಅವ್ವ ಎಂದು ಕರೆಯತೊಡಗಿದೆ. ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಆಸೆಪಟ್ಟದ್ದು ಅದನ್ನೇ, ಸಿಕ್ಕದ್ದೂ ಅದೇ. ಈಗ ಧಾರವಾಡದ ನಿನ್ನ ಮನೆಯಿಂದ ದಿನಾ ಫೋನ್ ಮಾಡಿ, “ಅವ್ವಾ, ಊಟ ಆತೇನ್ರಿ?” ಎಂದು ಕೇಳುತ್ತೀ. ಆತವ್ವ ಎನ್ನುತ್ತೇನೆ. ಎಷ್ಟೋ ಸಲ ಊಟ ಆಗಿರುವುದಿಲ್ಲ.

ನಿಮ್ಮಪ್ಪನಿಗೆ ಇವತ್ತು ಮುಂಜಾನೆ ಎಲ್ಲ ಹೇಳಿದೆ. ಪೂಜೆಗೆ ಕೂತವರು ಇನ್ನೂ ಎದ್ದಿಲ್ಲ. ಕ್ಷಮಿಸು ಎಂದು ನಿನ್ನನ್ನು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀ, ನಿನ್ನ ಗುಣ ನನಗೆ ಗೊತ್ತು. ಇದನ್ನು ಓದಿ ಫೋನ್ ಮಾಡಿದರೆ ನನ್ನನ್ನು ನಿನಗೆ ಸರಿಕಂಡ ಹಾಗೆ ಕರೆ. ಏನೂ ಕರೆಯದೆ, ಏನೂ ಮಾತಾಡದೆ ಇದ್ದರೂ — ನಾನು ಫೋನ್ ಇಡುವುದಿಲ್ಲ.