ಅಜ್ಜನ ಚಕ್ಕುಲಿ ಡಬ್ಬಿ ವಾದಿಗೆ ಹೋದದ್ದು

ಹೋದ ಚಳಿಗಾಲದ ಒಂದು ಶುಕ್ರವಾರ, ಸೈಕಲ್ ಹಿಡಿದು ಹೊರಟ ನಮ್ಮ ಯಜಮಾನರು ಒಮಾನಿನ ಬೆಟ್ಟದ ವಾದಿಯೊಳಗೆ ಕಾಣೆಯಾದರು. ಅದೇ ದಿನ ನನ್ನ ಬಾಯಿಂದ ಹೊರಬಿದ್ದ ಒಂದು ಕೆಟ್ಟ ಮಾತಿನಿಂದಲೇ ಹೀಗಾಯಿತು ಅಂದುಕೊಂಡು ನಾನು ಸತ್ತು ಬದುಕಿದೆ. ಕೊರಗಜ್ಜನನ್ನು ನಂಬಿದ ನಿಮ್ಮ ಮುಂದೆ ಅದನ್ನು ಹೇಳಿಕೊಳ್ಳದೆ ನನಗೆ ಸಮಾಧಾನವಿಲ್ಲ. ಬರೆದು ಅಭ್ಯಾಸ ಇಲ್ಲದವಳು ನಾನು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಮನೆಯಲ್ಲಿ ನಮ್ಮದು ತುಳು, ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆದಿದ್ದೇನೆ.

ನನ್ನ ಹೆಸರು ವಸಂತಿ. ಊರು ಕಾಪುವಿನ ಹತ್ತಿರ. ಮಸ್ಕತ್ತಿನ ಹಮ್ರಿಯಾದಲ್ಲಿ ಮೂರನೇ ಮಾಳಿಗೆಯ ಫ್ಲ್ಯಾಟಿನಲ್ಲಿ ನಾನು, ನಮ್ಮವರು, ಇಬ್ಬರೇ. ಅವರಿಗೆ ಐವತ್ತಾರು, ಒಂದು ಕಂಪೆನಿಯ ಸ್ಟೋರಿನಲ್ಲಿ ಕೆಲಸ. ಎರಡು ವರ್ಷದ ಹಿಂದೆ ಡಾಕ್ಟರು "ಶುಗರ್ ಉಂಟು, ಮೈ ಬಗ್ಗಿಸಿ" ಅಂದದ್ದೇ ತಡ, ಇವರು ಸೈಕಲ್ ತಂದರು. ಊರಿನಲ್ಲಿ ಹಾಲು ಹಾಕುವವರ ಸೈಕಲ್ಲಿನಂಥದ್ದಲ್ಲ. ದಪ್ಪ ಟಯರು, ಜಲ್ಲಿಯ ಮೇಲೂ ಓಡುತ್ತದೆ. ಹಾಲ್‌ನಲ್ಲಿ ಟಿವಿಯ ಪಕ್ಕವೇ ಅದರ ವಾಸ. ನನ್ನನ್ನು ಯಾವತ್ತೂ ಅಷ್ಟು ಚಂದ ಒರೆಸಿ ತಿಕ್ಕಿ ನೋಡಿಕೊಂಡವರಲ್ಲ.

ಶುಕ್ರವಾರ ರಜೆ. ಮೈಸೂರಿನ ಇಂಜಿನಿಯರ್ ಮಹೇಶ ಎಂಬವನ ಜತೆ ಐದು ಜನ ಗಾಡಿಗೆ ಸೈಕಲ್ ಕಟ್ಟಿಕೊಂಡು ಬೆಳಿಗ್ಗೆಯೇ ಹೊರಡುತ್ತಾರೆ. ಇಲ್ಲಿ ಬೆಟ್ಟಗಳ ನಡುವಿನ ಹೊಳೆಯ ಪಾತ್ರಕ್ಕೆ ವಾದಿ ಅನ್ನುತ್ತಾರೆ. ಮಳೆ ಬಂದರೆ ಕೆಂಪು ನೀರು ನುಗ್ಗುತ್ತದೆ. ಉಳಿದ ದಿನ ಉರುಟು ಕಲ್ಲು, ಜಲ್ಲಿ, ಅಲ್ಲಲ್ಲಿ ಪಾದ ಮುಳುಗುವಷ್ಟು ನೀರು. ಅದರೊಳಗೆ ಮೂವತ್ತು ನಲವತ್ತು ಕಿಲೋಮೀಟರ್ ತುಳಿದು ಮಧ್ಯಾಹ್ನದೊಳಗೆ ಇನ್ನೊಂದು ತುದಿ ಮುಟ್ಟುವುದು ಇವರ ಹುಚ್ಚು. ನಾನು ಬೈಯುತ್ತಿದ್ದೆ, ಆದರೆ ಒಳಗೊಳಗೇ ಖುಷಿಯಿತ್ತು. ಯಾಕೆಂದರೆ ಆ ದಾರಿ ನಮ್ಮದು.

ಮದುವೆಯಾದ ಹೊಸತರಲ್ಲಿ ನಾವು ಸುವೈಕ್‌ನಲ್ಲಿದ್ದೆವು. ಇವರು ಒಂದು ಅಂಗಡಿಯ ಪಿಕಪ್ಪಿನಲ್ಲಿ ಸಾಮಾನು ತುಂಬಿಕೊಂಡು ವಾದಿಯ ಜಲ್ಲಿ ದಾರಿಯಲ್ಲೇ ಬೆಟ್ಟದ ಆಚೆಯ ಇಬ್ರಿ ಪೇಟೆಗೆ ಹೋಗುತ್ತಿದ್ದರು. ಡಾಮರು ಆಗ ಬಂದಿರಲಿಲ್ಲ. ಮನೆಯಲ್ಲಿ ಒಬ್ಬಳೇ ಕೂತು ಅಳುತ್ತೇನೆ ಅಂತ ಕೆಲವು ಸಲ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಅರ್ಧ ದಾರಿಯಲ್ಲಿ ಒಂದು ದೊಡ್ಡ ಮರ, ಅದರ ಬುಡದಲ್ಲಿ ಬೆಟ್ಟದಿಂದ ಬರುವ ನೀರಿನ ತೋಡು. ಅಲ್ಲಿ ಕಾಲು ಇಳಿಬಿಟ್ಟು, ಅಮ್ಮ ಊರಿನಿಂದ ಕಳಿಸಿದ ಚಕ್ಕುಲಿ ತಿನ್ನುತ್ತಿದ್ದೆವು. ತಲೆಯಿಂದ ಕಾಲಿನವರೆಗೆ ಧೂಳು. ಇವರು ನನ್ನ ಮುಖ ನೋಡಿ "ನೀನೀಗ ಹುಡಿ ಹಾಕಿದ ಹಲಸಿನ ಹಪ್ಪಳ" ಅನ್ನುತ್ತಿದ್ದರು. ಆಮೇಲೆ ರಸ್ತೆ ಬಂತು, ನಾವು ಮಸ್ಕತ್ತಿಗೆ ಬಂದೆವು, ಮಗಳು ಹುಟ್ಟಿದಳು, ಓದಿದಳು, ಮದುವೆಯಾಗಿ ಹೋದಳು. ಆ ಮರ ಎಲ್ಲಿತ್ತೋ ಮರೆತೇಹೋಯಿತು. ಆ ನೀರಿನ ತಂಪು ಮಾತ್ರ ಈಗಲೂ ಕಾಲಿನಲ್ಲಿ ಉಂಟು.

ಈಗ ಡಬ್ಬಿಯ ವಿಷಯ. ಆ ವಾರ ನನ್ನ ಒಂದು ಕಿವಿಯ ಬೆಂಡೋಲೆ ಕಾಣೆಯಾಗಿತ್ತು. ಅಮ್ಮ ಕೊಟ್ಟದ್ದು. ಕಳೆದದ್ದು ಸಿಕ್ಕಿದರೆ ದೈವ ಕೊರಗಜ್ಜನಿಗೆ ಚಕ್ಕುಲಿ, ವೀಳ್ಯದೆಲೆ ಇಡುವುದು ನಮ್ಮ ಕಡೆಯ ಪದ್ಧತಿ. ನಾನೂ ಹರಕೆ ಹೇಳಿಕೊಂಡೆ. ಮರುದಿನವೇ ವಾಷಿಂಗ್ ಮೆಷಿನ್ನಿನ ರಬ್ಬರಿನೊಳಗೆ ಸಿಕ್ಕಿತು. ಮಿಂದು, ಮಡಿಯಲ್ಲಿ ಚಕ್ಕುಲಿ ಕರಿದು, ಐಸ್‌ಕ್ರೀಮಿನ ಖಾಲಿ ಡಬ್ಬಿಯಲ್ಲಿ ತುಂಬಿ, ಮೇಲೆ ಎಲೆ ಅಡಿಕೆ ಇಟ್ಟು ಮುಚ್ಚಿದೆ. ಎದುರು ಫ್ಲ್ಯಾಟಿನ ಪುಷ್ಪಕ್ಕ ಶುಕ್ರವಾರ ಸಂಜೆಯ ವಿಮಾನದಲ್ಲಿ ಮಂಗಳೂರಿಗೆ ಹೊರಟಿದ್ದರು. ಅವರ ಕೈಯಲ್ಲಿ ಊರಿನ ಅಜ್ಜನ ಕಟ್ಟೆಗೆ ಕಳಿಸುವುದು ಅಂತ. ಅಂಥದ್ದೇ ಇನ್ನೊಂದು ಡಬ್ಬಿಯಲ್ಲಿ ನಮ್ಮವರಿಗೆ ನೆಲಗಡಲೆ, ಖರ್ಜೂರ ಹಾಕಿದ್ದೆ. ಎರಡನ್ನೂ ಫ್ರಿಡ್ಜಿನ ಮೇಲೆ ಇಟ್ಟದ್ದು ನನ್ನ ತಪ್ಪು.

ಶುಕ್ರವಾರ ಹನ್ನೆರಡಕ್ಕೆ ಪುಷ್ಪಕ್ಕ ಬಂದರು. ತೂಕ ನೋಡುವ ಅಂತ ಡಬ್ಬಿ ತೆರೆದರೆ ಒಳಗೆ ನೆಲಗಡಲೆ! ನನಗೆ ಸಿಟ್ಟು ನೆತ್ತಿಗೇರಿತು.

"ಅಜ್ಜನ ಹರಕೆಯನ್ನು ವಾದಿಯಲ್ಲಿ ಕೂತು ತಿನ್ನುತ್ತಿದ್ದಾರೆ ಪುಷ್ಪಕ್ಕಾ! ಇನ್ನು ಬರುವುದೇ ಬೇಡ, ಹೋದಲ್ಲೇ ಇರಲಿ!"

"ಶ್ಶೆ, ಎಂತ ಮಾತದು ವಸಂತಿ? ಬಿಡ್ತು ಅನ್ನು" ಅಂದರು ಪುಷ್ಪಕ್ಕ.

ನಾನು ಅನ್ನಲಿಲ್ಲ.

ಎರಡು ಗಂಟೆಗೆ ಮಹೇಶನ ಫೋನು. "ಆಂಟಿ, ಅಂಕಲ್ ನಿಮ್ಗೇನಾದ್ರೂ ಫೋನ್ ಮಾಡಿದ್ರಾ?" ಇಲ್ಲವಲ್ಲ, ಎಂತ ಆಯಿತು ಅಂತ ಕೇಳಿದೆ. "ನೀವು ಮುಂದೆ ಹೋಗ್ತಾ ಇರಿ, ಬಂದ್ಬಿಡ್ತೀನಿ ಅಂದ್ರು. ಹನ್ನೊಂದಕ್ಕೆ ಬರ್ಬೇಕಿತ್ತು. ಎರಡ್ಸಲ ವಾಪಸ್ ಹೋಗಿ ಹುಡುಕಿದ್ವಿ, ದಾರೀಲಿ ಎಲ್ಲೂ ಇಲ್ಲ. ಒಳಗಡೆ ನೆಟ್‌ವರ್ಕ್ ಬರಲ್ಲ. ಪೊಲೀಸ್‌ಗೆ ಹೇಳಿದ್ದೀವಿ. ಗಾಬರಿ ಆಗ್ಬೇಡಿ ಆಂಟಿ." ಕೊನೆಗೆ ಹೇಳಿದ, "ಬೆಟ್ಟದ್ ಮೇಲೆ ಮೋಡ ಕಟ್ತಾ ಇದೆ."

ವಾದಿಯ ಪಕ್ಕ ಬಾಳಿದವರಿಗೆ ಆ ಕೊನೆಯ ಮಾತು ಸಾಕು. ಮೇಲೆಲ್ಲೋ ಮಳೆ ಸುರಿದರೆ ಕೆಳಗೆ ಒಣ ಜಲ್ಲಿಯ ಮೇಲೆ ನಿಂತವನಿಗೆ ನೀರು ಬರುವುದೇ ಗೊತ್ತಾಗುವುದಿಲ್ಲ.

ಪುಷ್ಪಕ್ಕ ಗಂಡನನ್ನು ಕರೆದು, "ನಾನು ಟ್ಯಾಕ್ಸಿಯಲ್ಲಿ ವಿಮಾನಕ್ಕೆ ಹೋಗುತ್ತೇನೆ, ನೀವು ಇವಳನ್ನು ಕರಕೊಂಡು ಹೋಗಿ" ಅಂದರು. ಆ ಉಪಕಾರ ನಾನು ಸಾಯುವವರೆಗೂ ಮರೆಯುವವಳಲ್ಲ. ಸುವೈಕ್‌ವರೆಗೆ ಸಮುದ್ರದ ಬದಿಯ ರಸ್ತೆ, ಅಲ್ಲಿಂದ ಬೆಟ್ಟದ ಕಡೆಗೆ. ನಾವಿದ್ದ ಹಳೆಯ ಮನೆಯ ತಿರುವು ದಾಟಿತು, ನಾನು ತಲೆ ಎತ್ತಲಿಲ್ಲ. ಅಷ್ಟು ಹೊತ್ತಿಗೆ ನೂರು ಸಲ ಬಿಡ್ತು ಅಂದಿದ್ದೆ. ಹೇಳಬೇಕಾದಾಗ ಹೇಳದೆ ಈಗ ಹೇಳಿ ಎಂತ ಪ್ರಯೋಜನ?

ನಾಲ್ಕೂವರೆಗೆ ವಾದಿಯ ಬಾಯಿಗೆ ತಲುಪಿದೆವು. ಪೊಲೀಸರ ಎರಡು ಗಾಡಿ ಒಳಗೆ ಹೋಗಿತ್ತು. ಒಂದೊಂದು ಹನಿ ಬೀಳಲು ಶುರುವಾಗಿತ್ತು. ಮಹೇಶ ನನ್ನನ್ನು ನೋಡಿ ಮುಖ ತಿರುಗಿಸಿದ. ಅಷ್ಟು ದೊಡ್ಡ ಹುಡುಗ ಅಳುತ್ತಿದ್ದ. ನಾನು ಜಲ್ಲಿಯ ಮೇಲೆ ಕುಕ್ಕರಿಸಿದೆ. ಕಿವಿಯಿಂದ ಆ ಬೆಂಡೋಲೆ ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿದೆ.

"ಅಜ್ಜಾ, ನಿನ್ನದನ್ನು ಅವರು ತಿಂದಿರಬಹುದು. ಗೊತ್ತಿಲ್ಲದೆ ಮಾಡಿದ್ದು. ಗೊತ್ತಿದ್ದೂ ಬಾಯಿ ಬಿಟ್ಟವಳು ನಾನು, ಶಿಕ್ಷೆ ನನಗೆ ಕೊಡು. ಇದನ್ನು ಹುಡುಕಿ ಕೊಟ್ಟೆಯಲ್ಲ, ಇದು ನನಗೆ ಬೇಡ, ನೀನೇ ಇಟ್ಟುಕೊ. ಅವರನ್ನು ಹುಡುಕಿ ಕೊಡು."

ಐದು ದಾಟಿರಬೇಕು. ವಾದಿಯೊಳಗಿನಿಂದ ಒಂದು ಹಳೆಯ ಪಿಕಪ್ಪು ಕುಲುಕುತ್ತಾ ಬಂತು. ಹಿಂದೆ ತುಂಬ ಆಡುಗಳು, ಅವುಗಳ ನಡುವೆ ಚಕ್ರ ಮೇಲಾಗಿ ಒಂದು ಸೈಕಲ್ಲು. ಓಡಿಸುತ್ತಿದ್ದವಳು ಮುಖಕ್ಕೆ ಬಟ್ಟೆ ಕಟ್ಟಿದ್ದ ಒಬ್ಬಳು ಒಮಾನಿ ಮುದುಕಿ. ಪಕ್ಕದಲ್ಲಿ, ಕಾಲಿಗೆ ಖರ್ಜೂರದ ಗರಿಯ ದಿಂಡು ಕಟ್ಟಿಸಿಕೊಂಡು, ಸುಣ್ಣದ ಹಾಗೆ ಬಿಳುಚಿ, ನಮ್ಮವರು!

ಮುದುಕಿ ಇಳಿದವಳೇ ನನ್ನನ್ನು ಮೇಲಿಂದ ಕೆಳಗೆ ನೋಡಿ, ಅರಬಿ ಬೆರೆಸಿದ ಹಿಂದಿಯಲ್ಲಿ, "ಯೇ ತುಮ್ಹಾರಾ? ಹರಾಮಿ, ಮೇರಾ ಸಬ್ ಬಕ್ರಿ ಚೋರ್!" ಅಂದಳು, ಇವನು ನಿನ್ನವನಾ, ನನ್ನ ಆಡುಗಳನ್ನೆಲ್ಲ ಕದ್ದ ಕಳ್ಳ ಅಂತ. ಆಮೇಲೆ ನಕ್ಕಳು. ನಾನು ಅವಳ ಕೈ ಹಿಡಿದು ಅತ್ತದ್ದೇ ಅತ್ತದ್ದು. ಅವಳು ನನ್ನ ಬೆನ್ನು ತಟ್ಟಿ "ಖಲಾಸ್, ಖಲಾಸ್" ಅನ್ನುತ್ತಲೇ ಇದ್ದಳು, ಆಯಿತು, ಸಾಕು ಅಂತ.

ನಡೆದದ್ದನ್ನು ಇವರು ಆಸ್ಪತ್ರೆಯಲ್ಲಿ ಹೇಳಿದರು. ಮೊಣಕಾಲಿನ ಕೆಳಗೆ ಎಲುಬು ಮುರಿದಿತ್ತು. ಮರುದಿನ ರಾಡ್ ಹಾಕಿದರು.

"ಆ ಮರ ಹುಡುಕಲಿಕ್ಕೆ ಹೋದದ್ದು ಮಾರಾಯ್ತಿ. ಸಿಕ್ಕಿದರೆ ನಿನ್ನನ್ನು ಕರಕೊಂಡು ಬರುವ ಅಂತ. ಬದಿಯ ಹಳೆ ದಾರಿಗೆ ತಿರುಗಿಸಿದೆ, ಉರುಟು ಕಲ್ಲಿನಲ್ಲಿ ಚಕ್ರ ಜಾರಿತು. ಏಳಲಿಕ್ಕೆ ಆಗಲಿಲ್ಲ. ಹಸಿವಾಯಿತು ಅಂತ ಡಬ್ಬಿ ತೆಗೆದರೆ ಮೇಲೆ ವೀಳ್ಯದೆಲೆ! ಇದು ಅಜ್ಜನದ್ದು ಅಂತ ಗೊತ್ತಾಯಿತು. ಹೇಗೆ ತಿನ್ನುವುದು? ಪಕ್ಕದಲ್ಲಿಟ್ಟು ಕೈ ಮುಗಿದೆ."

"ಒಂದೂ ತಿನ್ನಲಿಲ್ಲವಾ?"

"ಇಲ್ಲ. ಸ್ವಲ್ಪ ಹೊತ್ತಿಗೆ ಒಂದು ಆಡು ಬಂತು. ಆ ಎಲೆಯ ವಾಸನೆಗೋ ಏನೋ, ನೇರ ಡಬ್ಬಿಗೇ ಬಾಯಿ ಹಾಕಿತು. ಎಲೆ ತಿಂದಿತು, ಚಕ್ಕುಲಿ ತಿಂದಿತು. ಹಿಂದೆ ಇಡೀ ಮಂದೆ. ಆಗ ನನ್ನ ತಲೆಗೆ ಹೊಳೆಯಿತು. ಆಡು ಮನೆಗೆ ಹೋಗದಿದ್ದರೆ ಅದರ ಯಜಮಾನ ಹುಡುಕಿಕೊಂಡು ಬಂದೇ ಬರ್ತಾನಲ್ಲ? 'ಅಜ್ಜಾ, ತಪ್ಪು ಕ್ಷಮಿಸು' ಅಂತ ಹೇಳಿ, ಉಳಿದದ್ದನ್ನು ಚೂರು ಚೂರು ಮಾಡಿ ಒಂದೊಂದೇ ಬಿಸಾಡಿದೆ. ಸಂಜೆಯವರೆಗೆ ಒಂದೂ ಕದಲಲಿಲ್ಲ. ಕೊನೆಯ ಚೂರು ಮುಗಿಯುವಾಗ ಪಿಕಪ್ಪಿನ ಶಬ್ದ ಕೇಳಿತು."

ನಾನು ಆ ಕೆಟ್ಟ ಮಾತು ಆಡಿದ್ದನ್ನು ಅತ್ತುಕೊಂಡೇ ಒಪ್ಪಿಕೊಂಡೆ. ಇವರು ಅಷ್ಟು ನೋವಿನಲ್ಲೂ ನಕ್ಕುಬಿಟ್ಟರು. "ನೀನು ಹೇಳಿದ ಹಾಗೆ ಹೋದಲ್ಲೇ ಇದ್ದೆನಲ್ಲ? ಜನ್ಮದಲ್ಲಿ ಮೊದಲ ಸಲ ನಿನ್ನ ಮಾತು ಕೇಳಿದ್ದು."

ನಾವು ಹೊರಟ ಒಂದು ಗಂಟೆಯೊಳಗೆ ಆ ವಾದಿಯಲ್ಲಿ ನೀರು ಬಂತು ಅಂತ ಮಹೇಶ ಆಮೇಲೆ ತಿಳಿಸಿದ. ಇದಕ್ಕಿಂತ ಹೆಚ್ಚು ನಾನು ಎಂತ ಹೇಳಲಿ? ಡಬ್ಬಿಯಲ್ಲಿ ನೆಲಗಡಲೆ, ಖರ್ಜೂರ ಇದ್ದಿದ್ದರೆ ಇವರು ಹನ್ನೆರಡಕ್ಕೇ ತಿಂದು ಮುಗಿಸುತ್ತಿದ್ದರು, ಆಡುಗಳನ್ನು ನಿಲ್ಲಿಸಲಿಕ್ಕೆ ಏನೂ ಉಳಿಯುತ್ತಿರಲಿಲ್ಲ. ಕಟ್ಟೆಗೆ ಕಳಿಸಬೇಕೆಂದು ನಾನು ಇಟ್ಟದ್ದನ್ನು, ಎಲ್ಲಿ ಬೇಕೋ ಅಲ್ಲಿಗೆ ಅಜ್ಜನೇ ತರಿಸಿಕೊಂಡಿದ್ದ. ಸಮುದ್ರದ ಆಚೆ ಕೂತ ನಮ್ಮ ಕೂಗು ಊರಿನ ಕಟ್ಟೆಗೆ ಕೇಳುತ್ತದೋ ಇಲ್ಲವೋ ಎಂಬ ಸಂಶಯ ಇಪ್ಪತ್ತೇಳು ವರ್ಷ ನನ್ನೊಳಗಿತ್ತು. ಈಗ ಇಲ್ಲ. ರಜೆಯಲ್ಲಿ ಊರಿಗೆ ಹೋದಾಗ ಬೆಂಡೋಲೆಯನ್ನು ಕಟ್ಟೆಯ ಕಾಣಿಕೆ ಡಬ್ಬಿಗೆ ಹಾಕಿ ಬಂದೆ. ಈಗ ಒಂದು ಕಿವಿಯಲ್ಲಿ ಅಮ್ಮನದ್ದು, ಇನ್ನೊಂದರಲ್ಲಿ ಬರೀ ಬೇವಿನ ಕಡ್ಡಿ. ಯಾಕೆ ಅಂತ ಕೇಳಿದವರಿಗೆಲ್ಲ ಈ ಕಥೆ ಹೇಳುತ್ತೇನೆ.

ಹೋದ ತಿಂಗಳು ಮಹೇಶನ ಗಾಡಿಯಲ್ಲಿ ನಾವಿಬ್ಬರೂ ಆ ವಾದಿಗೆ ಹೋದೆವು. ಇವರ ಕೈಯಲ್ಲಿ ಕೋಲು, ನನ್ನ ಕೈಯಲ್ಲಿ ಎರಡು ಡಬ್ಬಿ. ಒಂದನ್ನು ಮುದುಕಿಗೆ ಕೊಟ್ಟೆವು. ಇವರು ಬಿದ್ದ ಜಾಗಕ್ಕೆ ಅವಳೇ ಮುಂದೆ ನಡೆದು ಕರೆದುಕೊಂಡು ಹೋದಳು. ಅಲ್ಲಿಂದ ಒಂದು ತಿರುವು, ಅಷ್ಟೇ. ದೊಡ್ಡ ಮರ, ಬುಡದಲ್ಲಿ ತೋಡು, ಅದೇ ತಂಪು ನೀರು. ನಾನು ಸೀರೆ ಎತ್ತಿ ಕಾಲು ಇಳಿಬಿಟ್ಟೆ. ಇವರೂ ಪಕ್ಕದಲ್ಲಿ ಕಷ್ಟಪಟ್ಟು ಕೂತು ಡಬ್ಬಿಗೆ ಕೈ ಚಾಚಿದರು.

"ತಡೆಯಿರಿ, ಮೊದಲು ಅಜ್ಜನಿಗೆ" ಅಂದೆ.

ಒಂದು ಕಲ್ಲು ತೊಳೆದು, ಎಲೆ ಹಾಸಿ, ಮೇಲೆ ಚಕ್ಕುಲಿ ಇಟ್ಟು ಕೈ ಮುಗಿದೆ. ಕಣ್ಣು ತೆರೆಯುವಾಗ ಒಂದು ಕಂದು ಆಡು ಬಂದು ಎಲೆಗೆ ಬಾಯಿ ಹಾಕಿತ್ತು. ಮುದುಕಿ ಕೋಲೆತ್ತಿ "ಹುಶ್ಶ್" ಅಂದಳು. ನಾನು ಅವಳ ಕೈ ಹಿಡಿದು ತಡೆದೆ.