ಹಣೆಯಷ್ಟು ಜಾಗ

ಖಟಕ್, ಖಟಕ್. ಸೊಲ್ಲಾಪುರದ ಆ ಗಲ್ಲಿಯಲ್ಲಿ ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಮಗ್ಗಗಳ ಸದ್ದು. ಹದಿನೈದು ವರ್ಷ ಅಲ್ಲೇ ಕಳೆದ ಸುಗಲಾಬಾಯಿಗೆ ಅದು ಕೇಳಿಸುತ್ತಲೇ ಇರಲಿಲ್ಲ. ನಿಂತರೆ ಮಾತ್ರ ಕೇಳಿಸುತ್ತಿತ್ತು. ದಿನ ತುಂಬಿದ ಬಸುರಿಯಿರುವ ಮನೆಯ ಮಗ್ಗ ತಟ್ಟನೆ ನಿಂತಿತೆಂದರೆ, ಕರೆಯಲು ಬರುವವರು ಬಾಗಿಲು ಮುಟ್ಟುವ ಮೊದಲೇ ಅವಳು ಕತ್ತರಿಯನ್ನು ಕುದಿಯುವ ನೀರಿಗೆ ಹಾಕಿರುತ್ತಿದ್ದಳು.

ಗಂಡ ಸತ್ತಾಗ ಅವಳಿಗೆ ಇಪ್ಪತ್ತೆರಡು, ಕಂಕುಳಲ್ಲಿ ಮಗಳು ನೀಲಗಂಗಾ. ದವಾಖಾನೆಯಲ್ಲಿ ಸೂಲಗಿತ್ತಿ ಕೆಲಸ ಕಲಿಸುತ್ತಾರೆಂದು ಕೇಳಿ ಹೋಗಿ ಸೇರಿದಳು. ಕಣ್ಣಿಗೆ ಕಾಣದ ಕ್ರಿಮಿಗಳಿವೆ, ಉಗುರಿನ ಸಂದಿಯಲ್ಲಿರುತ್ತವೆ, ಸೆರಗಿನ ತುದಿಯಲ್ಲಿರುತ್ತವೆ ಎಂದು ಅಲ್ಲಿ ಹೇಳಿದರು. ಅವಳು ನಂಬಿದಳು. ಕಾಣದ್ದನ್ನು ನಂಬುವುದು ಅವಳಿಗೆ ಹೊಸದೇನಲ್ಲ. ಬೆಳಿಗ್ಗೆ ಎಡಗೈ ಮೇಲೆ ಲಿಂಗವಿಟ್ಟು ಪೂಜಿಸುವಳು. ಅದೇ ಕೈಯನ್ನು ಆಮೇಲೆ ಮೊಣಕೈವರೆಗೆ ಕಾರ್ಬಾಲಿಕ್ ನೀರಿನಲ್ಲಿ ತಿಕ್ಕುವಳು. ಇವೆರಡಕ್ಕೂ ಜಗಳವಿದೆ ಎಂದು ಅವಳಿಗೆ ಎಂದೂ ಅನಿಸಿರಲಿಲ್ಲ.

ಜಗಳ ಬರುತ್ತಿದ್ದುದು ಬಾಣಂತಿ ಕೋಣೆಯಲ್ಲಿ, ಅಜ್ಜಿಯರೊಡನೆ. ಕೂಸಿನ ಹೊಕ್ಕಳಿಗೆ ವಿಭೂತಿ ಒತ್ತುವುದು ಅವರ ರೂಢಿ. ಸಗಣಿ ಸಾರಿಸಿದ ಜಗಲಿಯ ಮೇಲೆ ಕೂತು ಹತ್ತು ಕೈ ದಾಟಿ ಬಂದ ಆ ಬೂದಿಯಿಂದ ಎಂಟನೇ ದಿನಕ್ಕೆ ಧನುರ್ವಾಯು ಬಂದು ಕೂಸು ಸೆಟೆದುಕೊಳ್ಳುವುದನ್ನು ಅವಳು ಕಂಡಿದ್ದಳು. ಆದರೂ ಬೇಡವೆನ್ನುತ್ತಿರಲಿಲ್ಲ. ತಾನೇ ಒಂದು ಚಿಟಿಕೆ ತೆಗೆದು ಕೂಸಿನ ಹಣೆಗೆ ಹಚ್ಚಿ ನಗುತ್ತಿದ್ದಳು. "ಹಣಿ ನಿಮ್ಮ ಸ್ವಾಮಿಗೋಳದು, ಹೊಕ್ಕಳ ನಂದು. ಗಡಿ ದಾಟಬ್ಯಾಡ್ರಿ ಮತ್ತ." ದೇವರ ಸಂಗಾಟವೂ ಪಾಲು ಹಂಚಿಕೊಳ್ಳುವವಳು ಎಂದು ಅಜ್ಜಿಯರು ಬೈಯುತ್ತಿದ್ದರು, ಬೈಯುತ್ತಲೇ ಒಪ್ಪುತ್ತಿದ್ದರು. ಗಲ್ಲಿಯ ಕೂಸುಗಳು ಉಳಿದವು.

ಸಾವಿರದ ಒಂಬೈನೂರ ಇಪ್ಪತ್ತೇಳರಲ್ಲಿ ನೀಲಗಂಗಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಗಂಡು ಕೂಸು. ಮರುದಿನವೇ ಅಕ್ಕಲಕೋಟೆ ಕಡೆಯ ಹಳ್ಳಿಯಿಂದ ಬೀಗತಿ ಗುರಮ್ಮ ಬಂದಳು, ಸೊಂಟದಲ್ಲಿ ಮಠದ ವಿಭೂತಿಯ ಹಿತ್ತಾಳೆ ಡಬ್ಬಿ. ಹೆತ್ತ ಐವರಲ್ಲಿ ಅವಳಿಗೆ ಉಳಿದವನು ಬಸಣ್ಣ ಒಬ್ಬನೇ, ನೀಲಗಂಗಾಳ ಗಂಡ. ಆ ವಿಭೂತಿ ಬಿದ್ದದ್ದಕ್ಕೇ ಉಳಿದನೆಂದು ಅವಳು ನಂಬಿದ್ದಳು.

ಅದೇ ಹೊತ್ತಿಗೆ ದವಾಖಾನೆಗೆ ಹೊಸದಾಗಿ ಪುಣೆಯಿಂದ ಬಂದಿದ್ದ ಡಾಕ್ಟರಬಾಯಿ ಕೂಸನ್ನು ನೋಡಲು ಬಂದು ಕೂತಿದ್ದಳು. ಊರಿನಲ್ಲಿ ಇಷ್ಟು ಸ್ವಚ್ಛ ಕೋಣೆ ಇನ್ನೊಂದಿಲ್ಲ ಎಂದು ಆಗತಾನೇ ಹೊಗಳಿದ್ದಳು. ಗುರಮ್ಮ ಡಬ್ಬಿ ಬಿಚ್ಚಿ ಕೂಸಿನ ಹಣೆಯತ್ತ ಕೈ ಚಾಚಿದಾಗ ಸುಗಲಾಬಾಯಿ ಆ ಕೈ ಹಿಡಿದಳು.

"ನನ್ನ ಮನ್ಯಾಗ ಬೂದಿಗೀದಿ ನಡ್ಯಾಂಗಿಲ್ಲ ಅಕ್ಕಾರ."

"ಹಣೀಗಷ್ಟರಿ, ಬಾಯಾರ."

"ಹಣೀಗೂ ಇಲ್ಲ."

ಡಾಕ್ಟರಬಾಯಿ ಮೆಚ್ಚಿ ನಕ್ಕಳು. ಗುರಮ್ಮ ಡಬ್ಬಿ ಮುಚ್ಚಿ ಮೂಲೆಗೆ ಸರಿದು ಕೂತಳು. ಸಂಜೆ ಎದುರು ಮನೆಯ ಮಗ್ಗ ನಿಂತಿತು. ಸುಗಲಾಬಾಯಿ ಚೀಲ ಎತ್ತಿಕೊಂಡು ಹೋದಳು. ಮರಳಿ ಬಂದಾಗ ಕೂಸು ಮಲಗಿತ್ತು. ಹೊಟ್ಟೆಗೆ ಕಟ್ಟಿದ ಬಟ್ಟೆಯ ಗಂಟು ಇದ್ದ ಹಾಗೇ ಇತ್ತು. ಹೊಕ್ಕಳ ಬಳ್ಳಿ ಉದುರುವ ತನಕ ಅದನ್ನು ಬಿಚ್ಚಬಾರದೆಂದು ಅವಳು ಕಲಿತಿದ್ದಳು, ಬಿಚ್ಚಲಿಲ್ಲ.

ಎಂಟನೇ ದಿನ ಕೂಸು ಮೊಲೆ ಹಿಡಿಯಲಿಲ್ಲ. ದವಡೆ ಕಚ್ಚಿಕೊಂಡಿತ್ತು. ಬಟ್ಟೆ ಬಿಚ್ಚಿದರೆ ಹೊಕ್ಕಳಿನ ತುಂಬ ವಿಭೂತಿ, ಅಚ್ಚುಕಟ್ಟಾಗಿ ಒತ್ತಿದ್ದು. ಸುಗಲಾಬಾಯಿ ತಿರುಗಿ ನೋಡಿದಳು. ಗುರಮ್ಮ ಏನೂ ಮುಚ್ಚಿಡಲಿಲ್ಲ.

"ಹಣೀಗೆ ಹಚ್ಚಿದ್ರ ನಿಮಗ ಕಾಣತಿತ್ತಲ್ರಿ," ಎಂದಳು.

ಮರುದಿನ ಕೂಸು ಹೋಯಿತು. ಮಣ್ಣು ಮಾಡಲು ಎತ್ತುವ ಮೊದಲು, ಬಸಣ್ಣನ ಎದುರು, ನೆಂಟರೆಲ್ಲರ ಎದುರು ಸುಗಲಾಬಾಯಿ ಬೀಗತಿಗೆ ಹೇಳಿದಳು: "ನಿಮ್ಮ ಬೂದೀನೇ ಕೂಸಿನ್ನ ತಿಂತು."

ಅದು ಸುಳ್ಳಾಗಿರಲಿಲ್ಲ. ಯಾವ ಡಾಕ್ಟರನನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದ. ಆದರೆ ಪರರ ಮನೆಗಳಲ್ಲಿ ನಗುತ್ತ ಬಿಟ್ಟುಕೊಟ್ಟ ಹಣೆಯಷ್ಟು ಜಾಗವನ್ನು ತನ್ನ ಮನೆಯಲ್ಲಿ ಆ ಡಾಕ್ಟರಬಾಯಿಯ ಮೆಚ್ಚುಗೆಗಾಗಿ ಕೊಡಲಿಲ್ಲವೆಂಬುದು ಅವಳಿಗೆ ಮಣ್ಣು ಮಾಡಿದವರು ಮರಳುವ ಮೊದಲೇ ಗೊತ್ತಾಗಿತ್ತು. ಅದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಗಲ್ಲಿಯ ಕೂಸುಗಳ ಹಣೆಗೆ ಮೊದಲಿನಂತೆಯೇ ಚಿಟಿಕೆ ಹಚ್ಚುತ್ತ ಬಂದಳು. ಗಡಿಯ ಮಾತು ಆಡುವುದನ್ನು ಬಿಟ್ಟಳು.

ಆರು ವರ್ಷದ ಮೇಲೆ ನೀಲಗಂಗಾ ಮತ್ತೆ ಬಸುರಾದಳು. ತವರಿಗೆ ಬರಲೊಲ್ಲೆ ಎಂದಳು. ಸುಗಲಾಬಾಯಿಯೇ ಹಳ್ಳಿಗೆ ಹೋದಳು. ಬಾಗಿಲು ತೆಗೆದವಳು ಗುರಮ್ಮ. ವಿಭೂತಿಯಿಲ್ಲದೆ ಅವಳ ಹಣೆ ಬರಿದಾಗಿತ್ತು. ಹೆರಿಗೆಯ ದಿನ ಯಾರೂ ಹೇಳದೆ ಮೊಣಕೈವರೆಗೆ ಕೈ ತೊಳೆದುಕೊಂಡು ಅವಳು ಹೊಸ್ತಿಲ ಹೊರಗೇ ನಿಂತಳು. ಹೆಣ್ಣು ಕೂಸು. ಸುಗಲಾಬಾಯಿ ತಾನಾಗಿಯೇ ಡಬ್ಬಿ ಕೇಳಿದಳು.

"ಇಲ್ರಿ ಬಾಯಾರ. ಅದನ್ನ ಅವತ್ತ ಬಾವ್ಯಾಗ ಒಗದೀನಿ. ನನ್ನ ಕೈಲೆ ಇನ್ನೊಂದು ಹೋಗೂದು ಬ್ಯಾಡ."

ಗುರಮ್ಮ ಅತ್ತ ಹೋದ ಮೇಲೆ ನೀಲಗಂಗಾ ಗೋಡೆ ನೋಡುತ್ತ ಹೇಳಿದಳು: "ಅತ್ತಿ ಲಿಂಗಪೂಜಿನೂ ಬಿಟ್ಟಾರವ್ವ."

ಹತ್ತು ದಿನ ಕಳೆದವು. ಕೂಸಿನ ಬಳ್ಳಿ ಒಣಗಿ ಉದುರಿತು. ಕೂಸು ಗಟ್ಟಿಯಾಗಿ ಅತ್ತು ಹಾಲು ಕುಡಿಯಿತು. ಹೊರಡುವ ದಿನ ಸುಗಲಾಬಾಯಿ ತನ್ನ ಪೂಜೆಯ ವಿಭೂತಿ ಗಟ್ಟಿಯನ್ನು ತಂದು ಗುರಮ್ಮನ ಮುಂದಿಟ್ಟಳು. ತೊಟ್ಟಿಲು ತೂಗುತ್ತಿದ್ದ ಗುರಮ್ಮ ಅದನ್ನು ನೋಡಿದಳು, ಮುಟ್ಟಲಿಲ್ಲ. ಹಣೆ ಕಾಣದಂತೆ ಸೆರಗು ಮುಂದಕ್ಕೆಳೆದುಕೊಂಡಳು.

ಗಾಡಿ ಹೂಡಿದ್ದರು. ಈ ಊರಿನಲ್ಲಿ ಮಗ್ಗಗಳಿಲ್ಲ; ತೊಟ್ಟಿಲ ಹಗ್ಗದ ಕಿರುಗುಟ್ಟುವಿಕೆಯೊಂದೇ.

"ಅಕ್ಕಾರ," ಎಂದಳು ಸುಗಲಾಬಾಯಿ. ಹಗ್ಗದ ಸದ್ದು ನಿಂತಿತು. "ಬೂದಿಲಿಂದ ಆತು, ಅದು ಖರೆ. ಆದ್ರ ಅದನ್ನ ಹಣಿ ಬಿಡಿಸಿ ಹೊಕ್ಕಳಕ ಕಳಿಸಿದಾಕಿ ಮಾತ್ರ…" ಎಂದವಳು ಚೀಲ ಎತ್ತಿಕೊಂಡು, ಹೊಸ್ತಿಲು ದಾಟಿ, ಗಾಡಿಯತ್ತ ನಡೆದುಬಿಟ್ಟಳು.